ಇದು ಕಂಪ್ಯೂಟರಿನ ಜ್ವರವಲ್ಲ

2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಜಾಲತಾಣದ ಬಳಗದವರು ಒಂದು ಕ್ರೂರ ಪರೀಕ್ಷೆ ನಡೆಸಿ ಅದರ ವಿಡಿಯೊ ಹೊರಬಿಟ್ಟರು. ಕಂಪ್ಯೂಟರಿನಲ್ಲಿ ಗೇಮ್ ಓಡುತ್ತಿರುವಾಗಲೇ ಪ್ರೊಸೆಸರಿನ ನೆತ್ತಿಯ ಮೇಲೆ ಕೂತು ಶಾಖ ಹೊರಹಾಕುವ ಹೀಟ್‌ಸಿಂಕನ್ನು ಕಿತ್ತು ತೆಗೆಯುವುದು, ಏನಾಗುತ್ತದೋ ನೋಡುವುದು. ಎಎಂಡಿಯ ಅಥ್ಲಾನ್ ಪ್ರೊಸೆಸರ್ ನೋಡನೋಡುತ್ತಿದ್ದಂತೆ ಹೊಗೆಯಾಡಿ ಸುಟ್ಟುಹೋಯಿತು. ಇಂಟೆಲ್‌ನ ಪೆಂಟಿಯಂ 4 ಸಾಯಲಿಲ್ಲ. ಗೇಮ್ ಮಾತ್ರ ಏರು ಹತ್ತುವ ಎತ್ತಿನಗಾಡಿಯಂತೆ ತೆವಳತೊಡಗಿತು. ಬಿಸಿ ಏರಿದ್ದನ್ನು ತಾನೇ ಗ್ರಹಿಸಿ ಕೆಲಸ ತಗ್ಗಿಸುವ ಸರ್ಕ್ಯೂಟ್ ಅದರೊಳಗಿತ್ತು.

ಆ ಜಾಣತನ ಈಗ ಎಲ್ಲ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೂ ಬಂದಿದೆ. ಆದರೂ ತಾಪ ತೋರಿಸುವ ಸಾಫ್ಟ್‌ವೇರಿನಲ್ಲಿ 95 ಡಿಗ್ರಿ ಕಂಡರೆ ಎದೆ ಧಸಕ್ಕೆನ್ನುತ್ತದೆ. ಹೋದ ಬೇಸಿಗೆಯಲ್ಲಿ ನನಗೂ ಹಾಗೇ ಆಯಿತು. ವಿಡಿಯೊ ಎಡಿಟ್ ಮಾಡಿ ಎಕ್ಸ್‌ಪೋರ್ಟ್‌ಗೆ ಹಾಕಿದ್ದೆ. ನನ್ನ ಎಎಂಡಿ ರೈಜೆನ್ 7950ಎಕ್ಸ್ 95ಕ್ಕೆ ಏರಿ ಅಲ್ಲೇ ಪಟ್ಟುಹಿಡಿದು ಕೂತಿತು. ಫ್ಯಾನು ಭೋರ್ಗರೆಯುತ್ತಿತ್ತು.

ಇಷ್ಟು ಬಿಸಿ ಬರುವುದಾದರೂ ಎಲ್ಲಿಂದ? ಚಿಪ್ಪಿನಲ್ಲಿರುವ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳನ್ನು ಪುಟ್ಟ ಪುಟ್ಟ ಕೊಡಗಳೆಂದುಕೊಳ್ಳಿ. ಕ್ಲಾಕ್ ಮಿಡಿದಂತೆಲ್ಲ ಅವುಗಳಲ್ಲಿ ಎಷ್ಟೋ ಕೊಡಗಳು ವಿದ್ಯುದಾವೇಶದಿಂದ ತುಂಬುತ್ತವೆ, ಬರಿದಾಗುತ್ತವೆ. 5 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 500 ಕೋಟಿ ಮಿಡಿತ. ಅಷ್ಟು ಬೇಗ ಕೊಡ ತುಂಬಬೇಕೆಂದರೆ ನಲ್ಲಿಯಲ್ಲಿ ನೀರಿನ ಒತ್ತಡ ಹೆಚ್ಚಿರಬೇಕು. ಇಲ್ಲಿ ಆ ಒತ್ತಡವೇ ವೋಲ್ಟೇಜ್. ಬಿಸಿಯ ಲೆಕ್ಕ ಕೆಡುವುದೂ ಇಲ್ಲೇ: ಕ್ಲಾಕ್ ಎಷ್ಟು ಪಟ್ಟು ಏರುತ್ತದೋ ಶಾಖವೂ ಅಷ್ಟೇ ಪಟ್ಟು ಏರುತ್ತದೆ, ಆದರೆ ವೋಲ್ಟೇಜ್ ಏರಿದರೆ ಅದರ ವರ್ಗದಷ್ಟು ಏರುತ್ತದೆ. ಎರಡನ್ನೂ ಶೇಕಡಾ 10ರಷ್ಟು ಇಳಿಸಿ ನೋಡಿ, ಹೀಗೆ ಹುಟ್ಟುವ ಶಾಖ ಸುಮಾರು ಶೇಕಡಾ 27ರಷ್ಟು ಇಳಿಯುತ್ತದೆ. ಓಟದ ಕೊನೆಯ ನಾಲ್ಕು ಹೆಜ್ಜೆಗೇ ಹೆಚ್ಚು ಬೆವರು.

ಈ ಲೆಕ್ಕ ಕಂಪನಿಗಳನ್ನೂ ಮಣಿಸಿದೆ. 1971ರ ಇಂಟೆಲ್ 4004ರ ವೇಗ 740 ಕಿಲೋಹರ್ಟ್ಸ್. ಅಲ್ಲಿಂದ ಏರುತ್ತ ಏರುತ್ತ ಪೆಂಟಿಯಂ 4 ತಲುಪಿದ್ದು 3.8 ಗಿಗಾಹರ್ಟ್ಸ್. ನಾಲ್ಕರ ಗೆರೆ ಮುಟ್ಟುವುದಾಗಿ ಹೇಳಿದ್ದ ಇಂಟೆಲ್ 2004ರ ಅಕ್ಟೋಬರಿನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಒಂದೇ ಎತ್ತನ್ನು ಹೊಡೆದೋಡಿಸುವುದು ಬಿಟ್ಟು ಎರಡು, ನಾಲ್ಕು, ಎಂಟು ಕೋರುಗಳನ್ನು, ಅಂದರೆ ಲೆಕ್ಕ ಮಾಡುವ ಘಟಕಗಳನ್ನು, ನೊಗಕ್ಕೆ ಕಟ್ಟುವ ಕಾಲ ಬಂತು. 2008ರಲ್ಲಿ ಇಂಟೆಲ್ ಟರ್ಬೊ ಬೂಸ್ಟ್ ತಂದಿತು: ತಣ್ಣಗಿದ್ದು, ವಿದ್ಯುತ್ತಿಗೂ ಅವಕಾಶವಿದ್ದರೆ ಚಿಪ್ಪು ತಾನಾಗಿ ಕ್ಲಾಕ್ ಏರಿಸುತ್ತದೆ, ಮಿತಿ ಮುಟ್ಟಿದರೆ ಇಳಿಸುತ್ತದೆ.

ಹುಟ್ಟಿದ ಶಾಖವನ್ನು ಹೊರಗೆ ಸಾಗಿಸುವುದು ಮುಂದಿನ ಪಾಡು. ಇಂಟೆಲ್‌ನ ಕೋರ್ ಐ9-14900ಕೆ ಪೂರ್ತಿ ಹುರುಪಿನಲ್ಲಿ 253 ವಾಟ್ ಹೀರುತ್ತದೆ. ಅದರ ಸಿಲಿಕಾನ್ ತುಂಡಿನ ವಿಸ್ತೀರ್ಣ ಸುಮಾರು ಎರಡೂವರೆ ಚದರ ಸೆಂಟಿಮೀಟರ್. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ನೂರು ವಾಟ್. 18 ಸೆಂಟಿಮೀಟರ್ ಅಗಲದ 1500 ವಾಟ್ ಕರೆಂಟ್ ಒಲೆಯ ತಟ್ಟೆಯಲ್ಲಿ ಅದು ಬರೀ ಆರು!

ಈ ಶಾಖದ ದಾರಿ ಎಲ್ಲಾದರೂ ಕಟ್ಟಿದೆಯೇ ಎಂದು ನೋಡಲು ನಾನು ಕ್ಯಾಬಿನೆಟ್ ಬಿಚ್ಚಿದೆ. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಹಳೇ ಹಾಸಿಗೆಯ ಹತ್ತಿಯಂತೆ ಗಟ್ಟಿಯಾಗಿ ಕೂತಿತ್ತು. ಚಿಮಟದಲ್ಲಿ ಹಿಡಿದೆಳೆದರೆ ಪಟ್ಟಿ ಪಟ್ಟಿಯಾಗಿ ಬಂತು. ಪ್ರೊಸೆಸರಿನ ಮುಚ್ಚಳದ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಬಿರುಕು ಬಿಟ್ಟಿತ್ತು. ಎಷ್ಟೇ ನುಣುಪಾದ ಲೋಹಗಳನ್ನು ಒತ್ತಿಟ್ಟರೂ ನಡುವೆ ಕಣ್ಣಿಗೆ ಕಾಣದ ಸಂದಿಗಳಿರುತ್ತವೆ. ಅವುಗಳಲ್ಲಿ ಗಾಳಿ ನಿಂತರೆ ಶಾಖ ಸುಲಭವಾಗಿ ದಾಟದು, ಪೇಸ್ಟ್ ಆ ಸಂದಿಗಳನ್ನು ತುಂಬುತ್ತದೆ. ಅದನ್ನು ಒರೆಸಿ, ಅವರೆಕಾಳಿನಷ್ಟು ಹೊಸ ಪೇಸ್ಟ್ ಹಾಕಿ, ಹೀಟ್‌ಸಿಂಕ್ ಕೂರಿಸಿದೆ.

ಇಷ್ಟಾದರೂ ಫ್ಯಾನಿನ ಗಾಳಿ ಚಿಪ್ಪನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಮಡಿಕೇರಿಯ 22 ಡಿಗ್ರಿಯ ಕೋಣೆಯಲ್ಲಿ 72ಕ್ಕೆ ನಿಲ್ಲುವ ಯಂತ್ರ, ಅದೇ ಕೆಲಸಕ್ಕೆ ಕಲಬುರಗಿಯ 42 ಡಿಗ್ರಿಯ ಕೋಣೆಯಲ್ಲಿ 92ರ ಹತ್ತಿರಕ್ಕೆ ಹೋಗುತ್ತದೆ. ಅಂಥ ಕಡೆ ದೊಡ್ಡ ಫ್ಯಾನಿಗಿಂತ ಬಯಾಸ್ ಸೆಟ್ಟಿಂಗಿನಲ್ಲಿ ವಿದ್ಯುತ್ ಮಿತಿ ತಗ್ಗಿಸುವುದು ಅಗ್ಗದ ದಾರಿ. ನನ್ನ ಚಿಪ್ಪಿನ 170 ವಾಟ್ ದರ್ಜೆಯನ್ನು ಇಕೋ ಮೋಡ್‌ನಲ್ಲಿ 105ಕ್ಕೆ ಇಳಿಸಿದರೆ ಬಿಸಿ ಗಣನೀಯವಾಗಿ ಇಳಿಯುತ್ತದೆ, ವೇಗದಲ್ಲಿ ಕಳೆದುಕೊಳ್ಳುವುದು ಕಡಿಮೆ. ಕಾರಣ ಮೇಲೆ ಹೇಳಿದ ವೋಲ್ಟೇಜ್ ವರ್ಗದ ಲೆಕ್ಕವೇ.

ಮಿತಿ ಇಳಿಸುವ ಮೊದಲು, ಶುಚಿಯಾದ ಯಂತ್ರಕ್ಕೆ ಅದೇ ವಿಡಿಯೊ ಮತ್ತೆ ಹಾಕಿದೆ. ತಾಪ ಸರಸರನೆ ಏರಿ 95ರಲ್ಲೇ ನಿಂತಿತು! ಪಟ್ಟ ಶ್ರಮವೆಲ್ಲ ನೀರುಪಾಲಾಯಿತೇ ಎಂದುಕೊಂಡು ಪಕ್ಕದ ಸಾಲು ನೋಡಿದೆ. ಕ್ಲಾಕ್ ಮೊದಲಿಗಿಂತ ಮೇಲಿತ್ತು, ಎಕ್ಸ್‌ಪೋರ್ಟೂ ಬೇಗ ಮುಗಿಯಿತು. ಈ ಸರಣಿಯ ಚಿಪ್ಪುಗಳನ್ನು ಭಾರಿ ಕೆಲಸದಲ್ಲಿ 95ರವರೆಗೆ ಹೋಗಲೆಂದೇ ಎಎಂಡಿ ರೂಪಿಸಿದೆ. ನಾನು ತೆರವು ಮಾಡಿಕೊಟ್ಟ ದಾರಿಯನ್ನು ಚಿಪ್ಪು ತಣ್ಣಗಾಗಲು ಬಳಸಿಕೊಳ್ಳಲಿಲ್ಲ, ಓಡಲು ಬಳಸಿಕೊಂಡಿತ್ತು. ಈಗ 95 ಕಂಡಾಗ ಪಕ್ಕದ ಗಿಗಾಹರ್ಟ್ಸನ್ನೂ ನೋಡುತ್ತೇನೆ. ಅದು 4.5ರ ಮೂಲ ವೇಗಕ್ಕಿಂತ ಕೆಳಗಿಳಿದರೆ ಸ್ಕ್ರೂಡ್ರೈವರ್ ಹುಡುಕುತ್ತೇನೆ. ಇಲ್ಲವಾದರೆ ಎದ್ದು ಕಾಫಿಗೆ ಹೋಗುತ್ತೇನೆ.