ಶಾಲೆಯ ಹಿತ್ತಿಲ ಹೊಂಡದಲ್ಲಿ ಮೀನು

ಗೋವೆಯೆಂದೊಡನೆ ಓದುಗರ ಕಣ್ಣೆದುರಿಗೆ ಕಡಲೇ ಬಂದು ನಿಲ್ಲುವುದು ಸಹಜ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೆ ಇಲ್ಲಿ ನಿಷೇಧವಿದೆ. ಆ ದಿನಗಳಲ್ಲಿ ಬಾಂಗಡೆಯ ಬೆಲೆ ಕೇಳಿ ಬರಿಯ ಚೀಲದೊಡನೆ ಮರಳುವವರಲ್ಲಿ, ವಿಜಾಪುರ, ಬಾಗಲಕೋಟೆಗಳ ಕಡೆಯಿಂದ ದುಡಿಯಲು ಬಂದು ನೆಲೆಸಿದ ನಮ್ಮವರೂ ಇದ್ದಾರೆ. ಅವರ ಮಕ್ಕಳೇ ನಮ್ಮ ಶಾಲೆಯ ವಿದ್ಯಾರ್ಥಿಗಳು. ನಾವು ಮೀನು ಮುಟ್ಟದ ಮನೆತನದವರು. ಆದರೂ ಶಾಲೆಯ ಹಿತ್ತಿಲಿನಲ್ಲಿ ಸಿಹಿನೀರಿನ ಮೀನು ಸಾಕುವ ಯೋಚನೆ ನಮ್ಮನ್ನು ಬಿಡಲಿಲ್ಲ.

ನೀರು ಕಟ್ಟಿ ಮೀನು ಪಡೆಯುವುದು ಗೋವೆಗೆ ಹೊಸ ವಿದ್ಯೆಯಲ್ಲ. ಖಾಜಣ ಗದ್ದೆಗಳಲ್ಲಿ ಒಡ್ಡು ಹಾಕಿ, ತೂಬಿನ ಬಾಗಿಲಿನಿಂದ ಭರತದ ನೀರನ್ನು ಹತೋಟಿಯಲ್ಲಿಟ್ಟು, ಭತ್ತವನ್ನೂ ಮೀನನ್ನೂ ಶತಮಾನಗಳಿಂದ ಪಡೆಯುತ್ತ ಬಂದಿದ್ದಾರೆ. ಕುಮಟೆಯ ಗಜನಿಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಅದು ಉಪ್ಪುನೀರಿನ ಸಂಗತಿ. ಸಿಹಿನೀರಿಗೆ ಹೊಂದುವವು ಕಾಟ್ಲ, ರೋಹು, ಮೃಗಾಲ್. ಕಾಟ್ಲ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದರ ತುತ್ತಿಗೆ ಇನ್ನೊಂದು ಅಡ್ಡಬರುವುದು ಕಡಿಮೆ. ಇವು ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆಯಿಡವು. 1957ರಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸತ್ವವನ್ನು ಚುಚ್ಚಿ ಗೆಂಡೆಮೀನುಗಳಿಂದ ಮರಿ ಪಡೆದ ಮೇಲೆಯೇ ನದಿಯ ಮರಿಗಳ ಹಂಗು ಕಡಿಮೆಯಾಯಿತು.

ನಮ್ಮ ಹೊಂಡ ಹತ್ತು ಮೀಟರ್ ಉದ್ದ, ಅಷ್ಟೇ ಅಗಲ, ಒಂದೂವರೆ ಮೀಟರ್ ಆಳ. ಕೆಂಪುಕಲ್ಲಿನ ನೆಲದಲ್ಲಿ ನೀರು ನಿಲ್ಲದು. ಜೇಡಿಮಣ್ಣನ್ನು ತುಳಿದು ಮೆತ್ತಿಸಿದೆವು. ಮಣ್ಣಿನ ಹುಳಿ ಕಳೆಯಲು ಎರಡೂವರೆ ಕಿಲೋ ಸುಣ್ಣ, ವಾರದ ನಂತರ ಇಪ್ಪತ್ತು ಕಿಲೋ ಸಗಣಿ. ಸಗಣಿಯಿಂದ ನೀರಿನಲ್ಲಿ ಸೂಕ್ಷ್ಮ ಪಾಚಿ ಹುಟ್ಟುತ್ತದೆ, ಅದೇ ಮರಿಗಳ ಆಹಾರದ ಮೂಲ. ಆಗಸ್ಟ್‌ನಲ್ಲಿ 50 ಮರಿಗಳನ್ನು ಬಿಟ್ಟೆವು.

ತಪ್ಪು ನಡೆದದ್ದು ಆಮೇಲೆ. ಮೀನು ಬೇಗ ಬೆಳೆಯಲೆಂಬ ಆಸೆಯಿಂದ ನಾವು ಸಗಣಿಯನ್ನೂ ತೌಡನ್ನೂ ಅಳತೆ ಮೀರಿ ಹಾಕಿಸಿದೆವು. ಸೆಪ್ಟೆಂಬರಿನಲ್ಲಿ ಮೂರು ದಿನ ಸೂರ್ಯನ ಮುಖ ಕಾಣಲಿಲ್ಲ. ನಾಲ್ಕನೆಯ ದಿನ ನಸುಕಿನಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ಓಡಿಬಂದು, "ಗುರುಗಳೇ, ಮೀನು ಮ್ಯಾಲ ಬಂದು ಬಾಯಿ ಬಿಡಾಕತ್ತಾವ್ರೀ" ಎಂದ. ಪಾಚಿ ಹಗಲು ಬೆಳಕಿನಲ್ಲಿ ಆಮ್ಲಜನಕವನ್ನು ಕೊಡುತ್ತದೆ, ರಾತ್ರಿ ತಾನೇ ಉಸಿರಾಡಲು ತೆಗೆದುಕೊಳ್ಳುತ್ತದೆ. ಕೊಳೆಯುವ ಸಗಣಿಗೂ ಅದೇ ಬೇಕು. ಇದನ್ನು ಮೂವತ್ತು ವರ್ಷ ಹಲಗೆಯ ಮೇಲೆ ಬರೆದು ಕಲಿಸಿದವರು ನಾವೇ! ಹುಡುಗರು ಕೊಡಗಳಿಂದ ಬಾವಿಯ ನೀರನ್ನು ಎತ್ತರದಿಂದ ಸುರಿಯತೊಡಗಿದರು. ಬಿಸಿಲೇರುವ ಹೊತ್ತಿಗೆ 19 ಮರಿಗಳು ಸತ್ತಿದ್ದವು. ಯಾರೂ ನಮ್ಮನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಹಗುರವಾಗುತ್ತಿತ್ತು.

ಆ ಬಳಿಕ ಮೊಣಕೈಯೇ ನಮ್ಮ ಮಾಪಕ. ತೋಳನ್ನು ಮೊಣಕೈವರೆಗೆ ನೀರಿನಲ್ಲಿ ಇಳಿಸುವಾಗ ಅಂಗೈ ಬೇಗನೆ ಮರೆಯಾದರೆ ಸಗಣಿ ನಿಲ್ಲಿಸಬೇಕು. ಮೊಣಕೈ ಮುಳುಗಿದರೂ ಅಂಗೈ ನಿಚ್ಚಳವಾಗಿ ಕಂಡರೆ ಸ್ವಲ್ಪ ಹಾಕಬಹುದು. ಮೋಡದ ದಿನ ತೌಡೂ ಇಲ್ಲ.

ಜೂನ್ ಮೊದಲ ವಾರದಲ್ಲಿ ಬಲೆ ಎಳೆದಾಗ 26 ಮೀನುಗಳು ದೊರೆತವು. ಹೆಚ್ಚಿನವು ಅರ್ಧ ಕಿಲೋ ಮೀರಿದ್ದವು. ಮನೆಗೊಂದರಂತೆ ಹಂಚಿದೆವು. ಕಡಲ ಮೀನು ತಿಂದು ಬೆಳೆದ ನೆರೆಯವರು ಮಣ್ಣಿನ ವಾಸನೆಯೆಂದು ಮೂಗು ಮುರಿದರು. ಊರಿನ ಕೆರೆಯ ಮೀನು ಉಂಡು ಬಂದಿದ್ದ ತಾಯಂದಿರು ಮಾತ್ರ, ಹುಣಸೆಹುಳಿ ಸವರಿ ತೊಳೆದರಾಯಿತೆಂದು ನಕ್ಕು, ಮುಂದಿನ ಹೊಂಡ ಎಂದು ತೋಡುವಿರೆಂದು ಕೇಳಿದರು.