ಗಾಳಿ ತಿರುಗುವ ಹೊತ್ತು

ಕಳೆದ ವೈಶಾಖದ ಒಂದು ಭಾನುವಾರ. ಚಂದ್ರಾ ಲೇಔಟಿನ ನಮ್ಮ ಮನೆಯ ಮಹಡಿಯ ಮೇಲೆ ಹಪ್ಪಳ ಹರವಿದ್ದರು. ಅದನ್ನು ಕಾಯುವುದು ನಿವೃತ್ತ ಮೇಷ್ಟರಿಗೆ ಒಪ್ಪುವ ಉದ್ಯೋಗವಾದ್ದರಿಂದ ನನ್ನ ಪಾಲಿಗೆ ಬಂದಿತ್ತು. ಮಧ್ಯಾಹ್ನವೆಲ್ಲ ಸುಡುವ ಬಿಸಿಲು. ನಾಲ್ಕು ಗಂಟೆಯ ಹೊತ್ತಿಗೆ ಇದ್ದ ಒಂದಿಷ್ಟು ಗಾಳಿಯೂ ನಿಂತುಹೋಯಿತು. ಬೀದಿಯ ಹೊಂಗೆಯಲ್ಲಿ ಒಂದೆಲೆ ಅಲುಗಲಿಲ್ಲ. ನಾಗರಭಾವಿಯ ದಿಕ್ಕಿನ ಆಕಾಶ ಮಸಿಯಂತಾಯಿತು. ಎಲ್ಲಿಂದಲೋ ಒಂದು ತಣ್ಣನೆಯ ಉಸಿರು ಕೆನ್ನೆಗೆ ತಾಗಿತು, ಅದರ ಜೊತೆಗೆ ನೆಂದ ಮಣ್ಣಿನ ವಾಸನೆ. ನಾನು ಹಪ್ಪಳ ಎತ್ತಲು ಬಾಗುವಷ್ಟರಲ್ಲಿ ಗಾಳಿ ಬಂದೇಬಿಟ್ಟಿತು. ಹಪ್ಪಳಗಳು ನೆರೆಮನೆಗಳಿಗೆ ಹಂಚಿಹೋದುವು. ಹೊಂಗೆಯ ಒಂದು ಕೊಂಬೆ ಮುರಿದು ಬೀದಿಗೆ ಅಡ್ಡಬಿತ್ತು.

ಒಳಗೆ ಬಂದಾಗ ಒಂಬತ್ತು ವರ್ಷದ ಮೊಮ್ಮಗ ಕೇಳಿದ: “ತಾತ, ಮುಂದಿನ ವಾರ ನಾವು ದೋಣೀಲಿ ಹೋದಾಗ ಹೀಗೇ ಗಾಳಿ ಬಂದ್ರೆ?” ಮಗಳ ಸಂಸಾರ ಬೇಸಗೆ ರಜೆಗೆಂದು ಒಂದು ಜಲಾಶಯದ ಹಿನ್ನೀರಿಗೆ ಹೊರಟಿತ್ತು. ಅಳಿಯಂದಿರು ನಗುತ್ತ, “ಅಲ್ಲಿ ಲೈಫ್ ಜಾಕೆಟ್ ಕೊಡ್ತಾರೆ, ಬಿಡೋ” ಎಂದರು. ಮಗು ಸುಮ್ಮನಾಯಿತು. ನನಗೆ ಸುಮ್ಮನಿರಲಾಗಲಿಲ್ಲ. ಈ ಭಾಷಣ ಆ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ. ಅದರ ಹಿಂದೆ ನನ್ನದೊಂದು ಹಳೆಯ ಸಾಲವೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಕನ್ನಡದ ಮೇಷ್ಟರಾದ ನನಗೆ ಪದಗಳಿಂದ ಆರಂಭಿಸುವುದು ರೂಢಿ. ಪತ್ರಿಕೆಗಳಲ್ಲಿ ಎಲ್ಲ ಗಾಳಿಯೂ ಒಮ್ಮೆ ಚಂಡಮಾರುತ, ಒಮ್ಮೆ ಸುಂಟರಗಾಳಿ. ಚಂಡಮಾರುತವು ಸಮುದ್ರದಲ್ಲಿ ಹುಟ್ಟಿ, ನೂರಾರು ಕಿಲೋಮೀಟರ್ ಹರಡಿ, ದಿನಗಟ್ಟಲೆ ಸಂಚರಿಸುವಂಥದು. ಅದರ ಸುದ್ದಿ ಅದಕ್ಕಿಂತ ಮೊದಲೇ ಬರುತ್ತದೆ. ಸುಂಟರಗಾಳಿ ಕಂಬದಂತೆ ತಿರುಗುವಂಥದು. ನಮ್ಮ ಹಪ್ಪಳ ಹಾರಿಸಿದ್ದು ಇವೆರಡೂ ಅಲ್ಲ. ಅದು ಗುಡುಗುಮೋಡದೊಡನೆ ಬರುವ ಬಿರುಗಾಳಿ. ಬಂಗಾಳದವರು ಇದನ್ನು ಕಾಲಬೈಶಾಖಿ ಎಂದು ಕರೆದು ಅದಕ್ಕೊಂದು ವ್ಯಕ್ತಿತ್ವವನ್ನೇ ಕೊಟ್ಟಿದ್ದಾರೆ. ನಮ್ಮಲ್ಲಿ ಮುಂಗಾರಿಗೆ ಮುನ್ನ, ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ದಿನಗಳಲ್ಲಿ ಇದರ ಕಾಟ ಹೆಚ್ಚು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತ ಹಿಗ್ಗುವ ಕಾಲವೇ ಶಾಲೆಗಳಿಗೆ ರಜೆ ಬಿಡುವ ಕಾಲ. ಈ ಮೋಡಗಳು ಸಾಮಾನ್ಯವಾಗಿ ಒಡೆಯುವುದು ಮಧ್ಯಾಹ್ನ ಕಳೆದ ಮೇಲೆ. ನಾವು ವಿಹಾರಕ್ಕೆಂದು ದೋಣಿ ಹತ್ತುವುದೂ ಬಿಸಿಲು ಇಳಿಯಲಿ ಎಂದು ಕಾದು, ಅದೇ ಹೊತ್ತಿನಲ್ಲಿ. ಹೀಗೆ ತಿಂಗಳೂ ಒಂದೇ, ಗಳಿಗೆಯೂ ಒಂದೇ.

ಈ ಗಾಳಿ ಹುಟ್ಟುವ ಬಗೆ ಕುತೂಹಲಕರವಾದುದು. ಕಾದ ನೆಲದ ಮೇಲಿನ ತೇವದ ಗಾಳಿ ಹಗುರಾಗಿ ಮೇಲೇರುತ್ತದೆ. ಏರಿದಂತೆ ತಣಿದು ಮೋಡವಾಗುತ್ತದೆ. ಆ ಮೋಡ ಹತ್ತು ಕಿಲೋಮೀಟರಿಗೂ ಮೀರಿ ಗೋಪುರದಂತೆ ಬೆಳೆಯುತ್ತದೆ. ಅಲ್ಲಿಂದ ಹನಿ ಬೀಳತೊಡಗಿದಾಗ ಕೆಳಗಿನ ಒಣಗಾಳಿಯಲ್ಲಿ ಒಂದು ಪಾಲು ಆವಿಯಾಗಿ ಹೋಗುತ್ತದೆ. ಮಡಕೆಯ ಮೈಯಲ್ಲಿ ಜಿನುಗಿದ ನೀರು ಆರುತ್ತ ಒಳಗಿನ ನೀರನ್ನು ತಂಪು ಮಾಡುವಂತೆ, ಆ ಹನಿಗಳು ಆರುತ್ತ ಸುತ್ತಣ ಗಾಳಿಯನ್ನು ತಂಪು ಮಾಡುತ್ತವೆ. ತಣ್ಣನೆಯ ಗಾಳಿ ಭಾರ; ಅದು ಮಳೆಯನ್ನೂ ಎಳೆದುಕೊಂಡು ಕೆಳಕ್ಕೆ ಧುಮುಕುತ್ತದೆ. ಕೊಡದ ನೀರನ್ನು ಅಂಗಳಕ್ಕೆ ಸುರಿದರೆ ಹೇಗೆ ನಾಲ್ಕೂ ಕಡೆಗೆ ಚಿಮ್ಮುವುದೋ ಹಾಗೆ ನೆಲಕ್ಕೆ ಬಡಿದ ಗಾಳಿ ಸುತ್ತಲೂ ಹರಿದೋಡುತ್ತದೆ. ಹೀಗೆ ಧುಮ್ಮಿಕ್ಕುವ ಗಾಳಿಯ ಉಗ್ರರೂಪವನ್ನು ಗುರುತಿಸಿ ವಿವರಿಸಿದವರು ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಜಪಾನಿ ಸಂಜಾತ ವಿಜ್ಞಾನಿ ಟೆಟ್ಸುಯ ಫುಜಿತ. 1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನವೊಂದು ನೆಲಕ್ಕಪ್ಪಳಿಸಿದಾಗ ಅವರು ನಡೆಸಿದ ಅಧ್ಯಯನ ಇದಕ್ಕೆ ದಾರಿಯಾಯಿತು.

ಇದರಲ್ಲಿ ನಾವು ನೆನಪಿಡಬೇಕಾದ ಅಂಶವೊಂದಿದೆ: ಗಾಳಿ ಮಳೆಗಿಂತ ಮುಂದೆ ಓಡುತ್ತದೆ. ನಮ್ಮ ತಲೆಯ ಮೇಲೆ ಬಿಸಿಲಿರುವಾಗಲೇ ಹಲವು ಕಿಲೋಮೀಟರ್ ದೂರದ ಮೋಡದ ಗಾಳಿ ನಮ್ಮನ್ನು ಮುಟ್ಟಬಹುದು. “ಮಳೆ ಬಂದರೆ ಹಿಂತಿರುಗೋಣ” ಎಂಬ ಲೆಕ್ಕಾಚಾರ ಆದ್ದರಿಂದಲೇ ತಪ್ಪು.

ಗಾಳಿಯ ವೇಗ ಹಠಾತ್ತನೆ ಗಂಟೆಗೆ ಸುಮಾರು 29 ಕಿಲೋಮೀಟರಿನಷ್ಟು ಏರಿ, 40 ಕಿಲೋಮೀಟರನ್ನು ಮುಟ್ಟಿ, ಒಂದು ನಿಮಿಷವಾದರೂ ಹಾಗೆಯೇ ನಿಂತರೆ ಹವಾಮಾನಶಾಸ್ತ್ರಜ್ಞರು ಅದನ್ನು ಈ ಜಾತಿಗೆ ಸೇರಿಸುತ್ತಾರೆ. ಒಂದು ನಿಮಿಷ ಎಂದು ಹಗುರವಾಗಿ ಎಣಿಸಬಾರದು. ಗಾಳಿಯ ಒತ್ತಡ ಅದರ ವೇಗದ ವರ್ಗದಂತೆ ಬೆಳೆಯುವಂಥದು: ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಹಗುರವಾದ ದೋಣಿಯೊಂದನ್ನು ಮಗುಚಲು ಒಂದು ನಿಮಿಷ ಧಾರಾಳವಾಗಿ ಸಾಕು.

ಕನ್ನಡ ನಾಡಿಗೆ ಹತ್ತಿರದ ಒಂದು ಉದಾಹರಣೆ ಕೊಡುತ್ತೇನೆ. ಭೀಮಾನದಿ ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುವ ಮುನ್ನ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿ ಉಜನಿ ಅಣೆಕಟ್ಟಿನ ಹಿಂದೆ ವಿಶಾಲವಾಗಿ ನಿಂತಿದೆ. ಕನ್ನಡದ ಮಾತು ಇಂದಿಗೂ ಹಲವು ಮನೆಗಳಲ್ಲಿ ಕೇಳುವ ಜಿಲ್ಲೆ ಅದು. 2024ರ ಮೇ 21ರ ಸಂಜೆ ಕುಗಾಂವ್ ಎಂಬ ಊರಿನಿಂದ ಎದುರುದಡದ ಕಳಾಶಿಗೆ ದೋಣಿಯೊಂದು ಹೊರಟಿತು. ನಡುನೀರಿನಲ್ಲಿ ಬಿರುಗಾಳಿ ಎದ್ದು ದೋಣಿ ಮಗುಚಿತು. ಅದರಲ್ಲಿದ್ದ ಏಳು ಜನರಲ್ಲಿ ಒಬ್ಬರು ಮಾತ್ರ ಈಜಿ ದಡ ಸೇರಿದರು. ಎಳೆಯ ಮಕ್ಕಳೂ ಸೇರಿ ಆರು ಮಂದಿ ನೀರುಪಾಲಾದರು. ಅವರು ವಿಹಾರಕ್ಕೆ ಹೋದವರಲ್ಲ, ಆ ನೀರಿನ ಆಸುಪಾಸಿನ ಜನ, ಹೊಳೆ ದಾಟಲು ಹೊರಟವರು. ಅವರ ಗತಿಯೇ ಹೀಗಾದರೆ ನೀರಿನ ಪರಿಚಯವೇ ಇಲ್ಲದ ನಗರವಾಸಿಗಳ ಪಾಡೇನು?

ಸಾಹಿತ್ಯಾಸಕ್ತರಾದ ನಿಮಗೆ ಇನ್ನೊಂದು ದೋಣಿಯ ನೆನಪಾಗಿರಬೇಕು. ಪಶ್ಚಿಮ ಮಾರುತವನ್ನು ಕುರಿತು 1819ರಲ್ಲಿ ಪ್ರಗಾಥ ಬರೆದ ಷೆಲ್ಲಿ, 1822ರ ಜುಲೈ 8ರ ಮಧ್ಯಾಹ್ನ ಇಟಲಿಯ ಲಿವೋರ್ನೋ ಬಂದರಿನಿಂದ ತನ್ನ ಪುಟ್ಟ ಹಾಯಿದೋಣಿಯಲ್ಲಿ ಮನೆಗೆ ಹೊರಟ. ಜೊತೆಯಲ್ಲಿ ಒಬ್ಬ ಗೆಳೆಯ, ಒಬ್ಬ ಹುಡುಗ. ದೋಣಿ ಇನ್ನೂ ವೇಗವಾಗಿ ಹೋಗಲೆಂದು ಅದರ ಹಾಯಿಗಳನ್ನು ಕೆಲವೇ ವಾರಗಳ ಹಿಂದೆ ಹೆಚ್ಚಿಸಿದ್ದರು. ಬೇಸಗೆಯ ಬಿರುಗಾಳಿಯೊಂದು ಎದ್ದಿತು, ಮೂವರೂ ಮುಳುಗಿದರು. ಕವಿಗೆ ಆಗ ಮೂವತ್ತು ತುಂಬಿರಲಿಲ್ಲ. ನೀರೆಂದರೆ ಪ್ರಾಣ, ಆದರೆ ಈಜು ಬಾರದು. ತರಗತಿಯಲ್ಲಿ ಈ ಸಾವನ್ನು ನಾನು ಹಲವು ಸಲ ಕಾವ್ಯಮಯವಾಗಿ ವರ್ಣಿಸಿದ್ದೇನೆ. ಈಗ ಅನ್ನಿಸುತ್ತದೆ, ಅದರಲ್ಲಿ ಕಾವ್ಯವೇನೂ ಇರಲಿಲ್ಲ: ಸಣ್ಣ ದೋಣಿ, ದೊಡ್ಡ ಹಾಯಿ, ಸೆಕೆಯ ಮಧ್ಯಾಹ್ನ, ಮನೆ ಸೇರುವ ಆತುರ.

ದೋಣಿ ದೊಡ್ಡದಾದರೆ ಭಯವಿಲ್ಲವೆಂದು ತಿಳಿಯಬೇಡಿ. 2015ರ ಜೂನ್ 1ರ ರಾತ್ರಿ ಚೀನಾದ ಯಾಂಗ್‌ಟ್ಸೆ ನದಿಯಲ್ಲಿ 454 ಮಂದಿಯಿದ್ದ ಪ್ರವಾಸಿ ಹಡಗೊಂದು ಇಂಥದೇ ಧುಮುಕುಗಾಳಿಗೆ ಸಿಕ್ಕಿ ಮಗುಚಿಕೊಂಡಿತು. ಉಳಿದವರು ಹನ್ನೆರಡೇ ಮಂದಿ. ಎಚ್ಚರಿಕೆ ಕೊಟ್ಟಿದ್ದರೆ ಸಾಕಿತ್ತು ಎನ್ನುವಂತೆಯೂ ಇಲ್ಲ. 2018ರ ಜುಲೈ 19ರಂದು ಅಮೆರಿಕದ ಮಿಸೌರಿ ರಾಜ್ಯದ ಒಂದು ಸರೋವರದಲ್ಲಿ 31 ಮಂದಿಯನ್ನು ಹೊತ್ತ ವಿಹಾರವಾಹನ ಬಿರುಗಾಳಿಗೆ ಸಿಕ್ಕಿ ಮುಳುಗಿ 17 ಮಂದಿ ಸತ್ತರು. ಬಿರುಗಾಳಿಯ ಸೂಚನೆ ಮುಂಚೆಯೇ ಪ್ರಸಾರವಾಗಿತ್ತು. ಜೀವರಕ್ಷಕ ಕವಚಗಳೂ ಅದರಲ್ಲಿದ್ದುವು. ಆದರೆ ಜನರ ಮೈಮೇಲೆ ಇರಲಿಲ್ಲ. ಮೇಲೆ ಮಾಡು, ಪಕ್ಕದಲ್ಲಿ ಇಳಿಬಿಟ್ಟ ಪರದೆ. ಮಳೆಯಿಂದ ಕಾಯಬೇಕಾದ ಹೊದಿಕೆಯೇ ಹೊರಬರುವ ದಾರಿಗೆ ಅಡ್ಡವಾಯಿತು. ನಮ್ಮ ಕಾರವಾರದಲ್ಲಿ 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹಸ್ವಾಮಿಯ ಜಾತ್ರೆಗೆ ಸಂಬಂಧಿಸಿದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಅಲ್ಲಿ ಬಿರುಗಾಳಿ ಬೇಕಾಗಲಿಲ್ಲ. ಸಾಮರ್ಥ್ಯಕ್ಕೆ ಮೀರಿ ಜನ ತುಂಬಿದ್ದರೆಂದೂ ಅಲೆಯೇ ಸಾಕಾಯಿತೆಂದೂ ವರದಿಯಾಯಿತು. ತುಂಬಿದ ದೋಣಿಗೆ ಗಾಳಿಯೂ ಕೂಡಿಕೊಂಡರೆ ಏನಾದೀತೆಂದು ಊಹಿಸಬಹುದು.

ಹಾಗಾದರೆ ಗಾಳಿ ಹೇಳದೆ ಬರುತ್ತದೆಯೆ? ಇಲ್ಲ, ಹೇಳಿಯೇ ಬರುತ್ತದೆ. ಮಧ್ಯಾಹ್ನದ ಹೂಕೋಸಿನಂಥ ಬಿಳಿಮೋಡ ಎತ್ತರಕ್ಕೆ ಬೆಳೆದು ತಳ ಕಪ್ಪಾಗುವುದು, ಬೀಸುತ್ತಿದ್ದ ಗಾಳಿ ಥಟ್ಟನೆ ನಿಂತು ಬೇರೊಂದು ದಿಕ್ಕಿನಿಂದ ತಣ್ಣಗೆ ಬರುವುದು, ದೂರದ ನೀರಿನ ಮೇಲೆ ಕಪ್ಪು ಗೆರೆಯೊಂದು ಮೂಡಿ ಹತ್ತಿರವಾಗುವುದು, ಇವೆಲ್ಲ ಅದರ ಮುನ್ನುಡಿ. ಮಿಂಚು ಕಂಡೊಡನೆ ಎಣಿಸತೊಡಗಿ. ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಮಿಂಚಿದ್ದು ಹತ್ತು ಕಿಲೋಮೀಟರಿನ ಒಳಗೆ. ಗಂಟೆಗೆ 40 ಕಿಲೋಮೀಟರ್ ಓಡುವ ಗಾಳಿಗೆ ಆ ದೂರ ಹದಿನೈದು ನಿಮಿಷದ ದಾರಿ. ಕಾಲಿನಿಂದ ತುಳಿಯುವ ವಿಹಾರದ ದೋಣಿ ಅಷ್ಟು ಹೊತ್ತಿನಲ್ಲಿ ಒಂದು ಕಿಲೋಮೀಟರ್ ಹೋದರೆ ಹೆಚ್ಚು. ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಿದವರಿಗೆ ಗೊತ್ತಾಗುತ್ತದೆ: ತೀರ್ಮಾನ ಆಗಬೇಕಾದ್ದು ದಡದ ಮೇಲೆ, ನೀರಿನ ನಡುವೆ ಅಲ್ಲ.

ಹೊರಡುವ ಮುನ್ನ ಹವಾಮಾನ ಇಲಾಖೆಯ ಅಂದಿನ ಸೂಚನೆಯನ್ನು ನೋಡಬೇಕು. ಮುಂದಿನ ಕೆಲವು ಗಂಟೆಗಳ ಗುಡುಗು, ಗಾಳಿಯ ಮುನ್ಸೂಚನೆ ಈಗ ಕೈಯಲ್ಲಿರುವ ಫೋನಿನಲ್ಲೇ ಸಿಗುತ್ತದೆ. ಕವಚವನ್ನು ದಡದಲ್ಲೇ ತೊಟ್ಟು, ಪಟ್ಟಿಗಳನ್ನು ಬಿಗಿದುಕೊಳ್ಳಬೇಕು. ಮಕ್ಕಳಿಗೆ ಮಕ್ಕಳ ಅಳತೆಯದೇ ಆಗಬೇಕು. ಕಾಲಡಿಯಲ್ಲಿಟ್ಟ ಕವಚವನ್ನು ಅಲೆಗಳ ನಡುವೆ ತೊಡುವುದು ಮನೆ ಹೊತ್ತಿಕೊಂಡ ಮೇಲೆ ಬಾವಿ ತೋಡಿದಂತೆ. ನೀರಿನಲ್ಲಿದ್ದಾಗ ಗಾಳಿ ತಿರುಗಿದರೆ ಹೊರಟ ಕಟ್ಟೆಗೇ ಮರಳಬೇಕೆಂಬ ಹಟ ಬೇಡ. ಹತ್ತಿರದ ದಡವೇ ಒಳ್ಳೆಯ ದಡ. ಯಾರೂ ಎದ್ದು ನಿಲ್ಲಬಾರದು, ಎರಚಲಿಗೆ ಹೆದರಿ ಎಲ್ಲರೂ ಒಂದೇ ಪಕ್ಕಕ್ಕೆ ಸರಿಯಬಾರದು. ದೋಣಿಯ ತಳದಲ್ಲಿ ಕುಳಿತಷ್ಟೂ ಅದು ಸ್ಥಿರ. ಅಲೆಗೆ ಪಕ್ಕ ಒಡ್ಡದೆ ಮೂತಿಯನ್ನು ತಿರುಗಿಸಿರಬೇಕು. ಮಗುಚಿದರೂ ದೋಣಿಯನ್ನು ಬಿಟ್ಟು ದಡಕ್ಕೆ ಈಜುವ ಸಾಹಸ ಮಾಡದೆ ಅದನ್ನೇ ಹಿಡಿದಿರಬೇಕು. ಗಾಳಿ ಅಡಗಿದ ಮೇಲೂ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವ ತನಕ ಮತ್ತೆ ನೀರಿಗಿಳಿಯಬಾರದು.

ಇನ್ನು ನನ್ನ ಸಾಲದ ಮಾತು. ಮೂವತ್ತೈದು ವರ್ಷಗಳಿಗೂ ಹಿಂದೆ, ನಾನು ಹೊಸದಾಗಿ ಅಧ್ಯಾಪಕನಾಗಿದ್ದಾಗ, ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದೆ. ಹಿನ್ನೀರಿನ ದಡದ ಒಂದು ಹಳ್ಳಿ. ಮುದುಕ ಅಂಬಿಗನೊಬ್ಬ ಮೊದಲ ತಂಡದ ಎಂಟು ಹುಡುಗರನ್ನು ಸುತ್ತಾಡಿಸಿ ತಂದಿಳಿಸಿದ. ಎರಡನೆಯ ತಂಡದೊಡನೆ ನಾನು ಹತ್ತಲು ಹೋದರೆ ಆತ ದೋಣಿಯನ್ನು ದಡಕ್ಕೆಳೆದು ಬೋರಲು ಹಾಕತೊಡಗಿದ. “ಇವತ್ತು ಬ್ಯಾಡಿ ಸ್ವಾಮಿ, ಗಾಳಿ ತಿರುಗೈತೆ” ಎಂದ. ಆಕಾಶದ ಮುಕ್ಕಾಲು ಪಾಲು ನೀಲಿಯಾಗಿಯೇ ಇತ್ತು. ಹುಡುಗರ ಮುಂದೆ ನನ್ನ ಮಾತು ನಡೆಯಲಿಲ್ಲವೆಂಬ ಅವಮಾನಕ್ಕೆ ನಾನು ಕಟುವಾಗಿ ಮಾತಾಡಿದೆ, ಸೋಮಾರಿ ಎಂದೆ, ಎರಡರಷ್ಟು ಬಾಡಿಗೆ ಕೊಡುತ್ತೇನೆಂದೆ. ಆತ ತಲೆಯೆತ್ತದೆಯೇ ಹೇಳಿದ: “ದುಡ್ಡು ನಾಳೆ ಬತ್ತದೆ ಸ್ವಾಮಿ. ಮಕ್ಕಳು ಬರಾಕಿಲ್ಲ.”

ಕಾಲು ಗಂಟೆ ಕಳೆಯಲಿಲ್ಲ. ನಾವು ಶಾಲೆಯ ಜಗಲಿಯಲ್ಲಿ ಒಬ್ಬರನ್ನೊಬ್ಬರು ಅವುಚಿಕೊಂಡು ನಿಂತಿದ್ದೆವು. ಹಳ್ಳಿಯ ಹೆಂಚುಗಳು ಎಲೆಗಳಂತೆ ಹಾರುತ್ತಿದ್ದುವು. ಗಳಿಗೆಯ ಹಿಂದೆ ಕನ್ನಡಿಯಂತಿದ್ದ ನೀರಿನಲ್ಲಿ ದಡವೇ ಕಾಣುತ್ತಿರಲಿಲ್ಲ. ಮರುದಿನ ಮೊದಲ ಬಸ್ಸಿಗೆ ಹೊರಟೆವು. ನಾನು ಆತನ ಕ್ಷಮೆ ಕೇಳಲಿಲ್ಲ, ಹೆಸರನ್ನೂ ಕೇಳಲಿಲ್ಲ. ಆಮೇಲೆ ಮೂವತ್ತು ವರ್ಷ ಅಂಬಿಗರ ಚೌಡಯ್ಯನ ವಚನಗಳನ್ನು ಪಾಠ ಹೇಳಿದೆ. ಹನ್ನೆರಡನೆಯ ಶತಮಾನದ ಅಂಬಿಗನ ನಿಷ್ಠುರವನ್ನು ಮೆಚ್ಚಿ ವಿವರಿಸುವಾಗಲೆಲ್ಲ ದಡದಲ್ಲಿ ನಾನು ಬೈದ ಆ ಅಂಬಿಗ ಕಣ್ಣಮುಂದೆ ಬರುತ್ತಿದ್ದ. ಆ ಎರಡನೆಯ ತಂಡದ ಹುಡುಗ ಹುಡುಗಿಯರು ಇಂದು ಐವತ್ತು ದಾಟಿದ್ದಾರೆ. ಅವರ ಮಕ್ಕಳ ಮದುವೆಯ ಕರೆಯೋಲೆಗಳು ನನಗೆ ಬರುತ್ತವೆ.

ನಾವು ದೋಣಿಗೆ ಹಣ ಕೊಡುತ್ತೇವೆ. ಅದರಿಂದ ಅಂಬಿಗನ ವಿವೇಕವನ್ನೂ ಕೊಂಡೆವೆಂದು ಭಾವಿಸುತ್ತೇವೆ. “ಇವತ್ತು ಬೇಡ” ಎನ್ನುವವನಿಗೆ ಅಂದಿನ ಸಂಪಾದನೆ ಹೋಗುತ್ತದೆ. ಹೋಗಲೆಂದು ಬಿಟ್ಟು ಅವನು ಅಷ್ಟು ಹೇಳಿದಾಗ ಅದು ಎಲ್ಲ ಮುನ್ಸೂಚನೆಗಿಂತ ತೂಕದ ಮಾತು. ಅವನು ಹೇಳಲು ಅಂಜುವಂತೆ ಮಾಡಿದರೆ ಆ ತಪ್ಪು ನಮ್ಮದು.

ಮೊಮ್ಮಗನಿಗೆ ಇದನ್ನೆಲ್ಲ ಹೇಳಿದೆ. ಅಳಿಯಂದಿರೂ ಕೇಳಿಸಿಕೊಂಡರು. ಪ್ರವಾಸ ನಿಲ್ಲಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. ದೋಣಿಯ ಹೊತ್ತು ಮಾತ್ರ ಸಂಜೆಯಿಂದ ಬೆಳಗ್ಗೆಗೆ ಬದಲಾಯಿತು. ಹಿಂತಿರುಗಿ ಬಂದ ಹುಡುಗ ನನ್ನ ಬಳಿ ಓಡಿ ಬಂದು ಹೇಳಿದ: “ತಾತ, ದೋಣಿಯವರ ಹೆಸರು ಕೇಳ್ಕೊಂಡ್ ಬಂದೆ.”

(ಬಾನುಲಿ ಭಾಷಣದ ಲಿಖಿತ ರೂಪ)