ಕನ್ನಡಕವಿಲ್ಲದ ದಂಡು

ನಿಪ್ಪಾಣಿಯ ದೇಸಾಯಿ ಸಿದ್ಧೋಜಿರಾವ್ ನಿಂಬಾಳ್ಕರರ ಕಾಲದ ಸಿಪಾಯಿಗೆ ದೂರದ ನೋಟ ಮಂದವಿದ್ದರೂ ಕೆಲಸ ನಡೆಯುತ್ತಿತ್ತು. ಅಂದಿನ ನುಣುಪು ನಳಿಗೆಯ ಕೋವಿಯ ಗುಂಡು 100 ಗಜ ದಾಟಿದರೆ ಎತ್ತ ಹೋದೀತೆಂದು ಹೇಳುವಂತಿರಲಿಲ್ಲ. ಸಾಲಾಗಿ ನಿಂತು ಒಟ್ಟಿಗೆ ಹಾರಿಸುವುದೇ ಯುದ್ಧಕಲೆ. ಕಣ್ಣಿಗೆ ಬೆಲೆ ಬಂದದ್ದು 1853ರ ಎನ್‌ಫೀಲ್ಡ್ ರೈಫಲ್‌ನಿಂದ. ಅದರ ಗುರಿಪಟ್ಟಿಯಲ್ಲಿ 900 ಗಜದವರೆಗೂ ಗೆರೆಗಳಿದ್ದವು. 1862ರಲ್ಲಿ ಡಚ್ ವೈದ್ಯ ಸ್ನೆಲೆನ್‌ನ, ದೃಷ್ಟಿ ಅಳೆಯುವ ಅಕ್ಷರಫಲಕವೂ ಬಂತು. ಅಂದಿನ ದಂಡಿನಲ್ಲಿ ಕನ್ನಡಕ ಕಾಣದಿರಲು ಬಡತನವೇ ಕಾರಣವಲ್ಲವೇ ಎನ್ನಬಹುದು. ಅದೂ ಹೌದು, ಆದರೆ ಕಾಸಿದ್ದ ಬ್ರಿಟಿಷ್ ಸೈನ್ಯವೂ ಸಾಮಾನ್ಯ ಸಿಪಾಯಿಗೆ ಕನ್ನಡಕ ಕೊಡುವ ಬದಲು ಮಂದಗಣ್ಣಿನವನನ್ನು ಭರ್ತಿಯಲ್ಲೇ ಹಿಂದೆ ಕಳಿಸುತ್ತಿತ್ತು. ಇಂದಿಗೂ ಭರ್ತಿಯಲ್ಲಿ ಕಣ್ಣಿನ ಪರೀಕ್ಷೆ ಇದೆ; ಹಾಗಾಗಿ ಬೆಳಗಾವಿಯ ಸೇನಾ ಭರ್ತಿಗೆಂದು ಓಡಿ ಬೆವರಿಳಿಸುವ ಚಿಕ್ಕೋಡಿ, ಅಥಣಿ, ರಾಯಬಾಗ, ಕಾಗವಾಡದ ಹುಡುಗರು ಮೊದಲು ಕಣ್ಣು ತೋರಿಸಿಕೊಳ್ಳಲಿ.